ನಾಲ್ಕು ಮೊಳೆಗಳ ನಡುವಿನ ಮುಖ

ಮಗಳಿಗೆ ಆರು ವರ್ಷ ತುಂಬಿದ ದಿನ ಒಂದು ಮಾತು ಕೊಟ್ಟೆ. ಏಳು ತುಂಬುವುದರೊಳಗೆ ಈ ಗೋಡೆಯಲ್ಲಿ ನಿನಗೊಂದು ಕಿಟಕಿ ಮಾಡಿಕೊಡುತ್ತೇನೆ ಎಂದೆ. ಅವಳು ಬಳಪ ತಂದು ಗೋಡೆಯ ಮೇಲೆ ನನ್ನ ಅಂಗೈಯಗಲದ ಒಂದು ಚೌಕ ಗೀಚಿ, "ಇಷ್ಟು ದೊಡ್ಡದು ಬೇಕು" ಎಂದಳು. "ಇದಕ್ಕಿಂತ ದೊಡ್ಡದು ಮಾಡೋಣ ಬಿಡೆ" ಎಂದು ಧಾರಾಳವಾಗಿ ಹೇಳಿದೆ. ಹೇಳುವುದಕ್ಕೇನು, ನಾಲಿಗೆಗೆ ಬಿದಿರಿನ ಸಾರವೆ ಕಟ್ಟಿ ಹತ್ತಬೇಕಾಗಿಲ್ಲ.

ನಾನು ಗಾರೆ ಕೆಲಸದವಳು. ಮಗಳ ಅಪ್ಪ ಮೇಸ್ತ್ರಿ. ಅವನಿದ್ದಾಗ ನಾನು ಗಾರೆ ಕಲಸಿ ಹೊತ್ತು ಕೊಡುತ್ತಿದ್ದೆ. ಅವನು ಹೋದ ಮೇಲೆ ಅವನ ಕರಣೆ, ರಸಮಟ್ಟ, ತೂಕದ ಗುಂಡು ಎಲ್ಲವೂ ನನ್ನ ಕೈಗೆ ಬಂದವು. ಬೀದಿಯವರು ಒಂದು ವರ್ಷ ನಕ್ಕರು, ಆಮೇಲೆ ತಮ್ಮ ಬಚ್ಚಲು ಸೋರತೊಡಗಿದಾಗ ಮೇಸ್ತ್ರಮ್ಮ ಎಂದು ಕರೆಯತೊಡಗಿದರು. ಅಂದಿನಿಂದ ಇಂದಿನವರೆಗೆ ಊರವರಿಗೆಲ್ಲ ಎಷ್ಟು ಕಿಟಕಿ ಕೂರಿಸಿದ್ದೇನೋ ಲೆಕ್ಕವಿಲ್ಲ. ಬಚ್ಚಲಿಗೆ ಕಿಟಕಿ, ಉಗ್ರಾಣಕ್ಕೆ ಕಿಟಕಿ, ಒಬ್ಬ ಪುಣ್ಯಾತ್ಮನ ನಾಯಿಯ ಕೋಣೆಗೂ ಜಾಲರಿ ಹಾಕಿದ ಕಿಟಕಿ. ನನ್ನ ಮಗಳು ಮಾತ್ರ ಹಗಲಿನಲ್ಲೂ ದೀಪ ಹಾಕಿಕೊಂಡು ಓದುತ್ತಿದ್ದಳು.

ನಮ್ಮದು ಎರಡನೇ ಮಹಡಿಯ ಮೂಲೆಯ ಕೋಣೆ. ಎರಡು ಕಡೆ ಪಕ್ಕದವರ ಗೋಡೆ, ಇನ್ನೊಂದು ಕಡೆ ಕತ್ತಲ ಓಣಿಗೆ ತೆರೆಯುವ ಬಾಗಿಲು. ನಾಲ್ಕನೆಯದೇ ಬೀದಿಗೆ ಮುಖ ಮಾಡಿದ ಬೋಳು ಗೋಡೆ. ನಾಲ್ಕು ದಾರಿ ಸೇರುವ ಜಾಗದಲ್ಲಿ ಮೂರು ಮಹಡಿ ಎತ್ತರಕ್ಕೆ ಒಂದು ತೂತೂ ಇಲ್ಲದೆ ನಿಂತಿದೆ. ಅದರ ಬದಿಯಲ್ಲಿ ಮಾಳಿಗೆಯಿಂದ ಇಳಿಯುವ ಕೊಳವೆ ಎಂದೋ ಸೀಳಿತ್ತು. ನೀರು ಇಟ್ಟಿಗೆಯೊಳಗೆ ಇಳಿದು ನಮ್ಮ ಕೋಣೆಯ ಒಳಗೋಡೆಗೆ ಕಪ್ಪು ಬೂಷ್ಟು ಹಿಡಿಸಿತ್ತು. ಒರೆಸಿದರೆ ಎಂಟು ದಿನಕ್ಕೆ ಮತ್ತೆ ಬರುತ್ತಿತ್ತು, ಮನೆಗೆ ಬಂದ ನೆಂಟರ ಹಾಗಲ್ಲ, ಮನೆಯವರ ಹಾಗೆ.

ಕಿಟಕಿ ಯಾಕೆ ಮಾಡಲಿಲ್ಲ ಎಂದರೆ ನನ್ನ ಹತ್ತಿರ ಹತ್ತು ಕಾರಣಗಳಿವೆ. ಮನೆ ಒಡೆಯ ಒಪ್ಪಲಿಲ್ಲ. ಭಾನುವಾರ ಮೈ ಏಳಲಿಲ್ಲ. ಹೊರಗಿನಿಂದ ಸಾರವೆ ಕಟ್ಟಬೇಕಿತ್ತು, ಅದು ನನ್ನೊಬ್ಬಳ ಕೈಲಾಗುವ ಕೆಲಸವಲ್ಲ. ಎಲ್ಲವೂ ನಿಜವೇ. ನಿಜವಾದ ಕಾರಣಗಳನ್ನು ಇಟ್ಟುಕೊಂಡು ಹತ್ತು ವರ್ಷ ಹಾಯಾಗಿ ಕಳೆಯಬಹುದು.

ಕೊನೆಗೆ, ಹದಿನಾರು ತುಂಬಿದ ಮೇಲೆ, ಮಗಳ ಕೆಮ್ಮು ಒಂದು ಹಗಲು ನಿಲ್ಲಲೇ ಇಲ್ಲ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು. ಮನೆ ಎಂಥದು, ಗಾಳಿ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರು.

"ಬಾಗಿಲಿಂದ" ಎಂದೆ.

"ಬಾಗಿಲ ಆಚೆ?"

"ಓಣಿ."

"ಓಣಿಗೆ ಗಾಳಿ ಎಲ್ಲಿಂದ ಬರುತ್ತಮ್ಮ?"

ಡಾಕ್ಟರು ಚೀಟಿ ಪುಸ್ತಕ ಎಳೆದುಕೊಂಡರು. "ನಾನು ಕೊಡೋ ಔಷಧಿ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧ ಗೋಡೆ ಕೆಡಿಸುತ್ತೆ. ಹೀಗೇ ಬಿಟ್ಟರೆ ಇನ್ನೆರಡು ವರ್ಷಕ್ಕೆ ಈ ಎದೆ ಮುದುಕಿಯ ಎದೆ ಆಗುತ್ತೆ" ಎಂದು ಹೇಳಿ, ಕೋಣೆಗೆ ಗಾಳಿ ಬೆಳಕು ಬೇಕೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಮನೆ ಒಡೆಯನ ಮುಂದೆ ನಿಂತೆ.

"ಗೋಡೆ ಬಿದ್ದರೆ?" ಎಂದ.

"ಬಿದ್ದರೆ ಮೊದಲು ನನ್ನ ತಲೆ ಮೇಲೆ ಬೀಳುತ್ತೆ, ನಿಮ್ಮ ತಲೆ ಮೇಲಲ್ಲ."

"ಹಾಗಾದ್ರೆ ಸರಿ" ಎಂದು ಬಿಳಿ ಹಾಳೆಯ ಮೇಲೆ ಸಹಿ ಹಾಕಿಕೊಟ್ಟ. ಅಷ್ಟು ಸುಲಭವಿತ್ತೆಂದು ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ನನ್ನ ತಲೆಯನ್ನು ಒತ್ತೆ ಇಡುತ್ತಿದ್ದೆ.

ಹಳೆಯ ಇಟ್ಟಿಗೆ ಗೋಡೆಯಲ್ಲಿ ಕಿಟಕಿ ತೆಗೆಯುವುದೆಂದರೆ ಸುತ್ತಿಗೆ ಎತ್ತಿ ಬಡಿಯುವುದಲ್ಲ. ಮೊದಲು ಮೇಲೆ ಭಾರ ಹೊರುವ ಲಿಂಟಲ್ ಕೂರಿಸಬೇಕು. ಅದನ್ನೂ ಎರಡು ಸೀಳಾಗಿ ಮಾಡಿ, ಒಂದನ್ನು ಒಳಗಿನಿಂದ ಗೋಡೆಯ ಅರ್ಧ ದಪ್ಪಕ್ಕೆ, ಇನ್ನೊಂದನ್ನು ಹೊರಗಿನಿಂದ ಉಳಿದರ್ಧಕ್ಕೆ ಕೂರಿಸಬೇಕು. ದಿನಾ ನೀರು ಕುಡಿಸಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಕೆಳಗಿನ ಇಟ್ಟಿಗೆ ಬಿಚ್ಚಬೇಕು. ಒಂದು ಭಾನುವಾರ ಒಳಗಿನ ಸೀಳು ಕೂರಿಸಿದೆ. ಅದರ ಕೆಳಗೆ ಮೂರಡಿ ಅಗಲ, ನಾಲ್ಕಡಿ ಎತ್ತರ ಅಳೆದು, ನೇರ ನೋಡಲು ದಾರದ ಗುಂಡು ಬಿಟ್ಟು, ಮಟ್ಟ ಹಿಡಿದು, ನಾಲ್ಕು ಮೂಲೆಗೆ ನಾಲ್ಕು ಉದ್ದ ಮೊಳೆ ಹೊರಗೆ ಇಣುಕುವ ಹಾಗೆ ಹೊಡೆದೆ. ಹೊರಗಿನಿಂದ ನೋಡಿದವರಿಗೆ ಕಿಟಕಿ ಎಲ್ಲಿ ಬರುತ್ತದೆ ಎಂದು ಆ ನಾಲ್ಕು ಮೊಳೆಗಳೇ ಹೇಳುತ್ತವೆ. ನಮ್ಮ ಕೆಲಸದಲ್ಲಿ ಅದು ಎಲ್ಲರಿಗೂ ಗೊತ್ತು. ಒಬ್ಬ ಮೇಸ್ತ್ರಿಯ ಗುರುತಿನ ಮೊಳೆಗೆ ಇನ್ನೊಬ್ಬ ತನ್ನ ಅಂಗಿಯನ್ನೂ ನೇತುಹಾಕುವುದಿಲ್ಲ.

ಇನ್ನು ಸಾರವೆಯೊಂದು ಸಿಕ್ಕರೆ ಸಾಕಿತ್ತು. ಆಗ ಗೋಡೆಗಳಿಗೆ ಚಿತ್ರ ಬರೆಸುವ ಸಮಿತಿ ಬಂತು.

ನಮ್ಮ ಬೀದಿಗೆ ಅದಕ್ಕೆ ಮುಂಚೆ ಯಾರೂ ಬಂದವರಲ್ಲ. ದೀಪದ ಕಂಬ ಸತ್ತು ಮೂರು ವರ್ಷವಾಗಿತ್ತು. ಚರಂಡಿಯ ಮೇಲೆ ಹಾಸುಗಲ್ಲುಗಳಿಲ್ಲದೆ ಎದುರಿನ ಕ್ಷೌರದಂಗಡಿಯವನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು, ಅದೂ ಬಂದಾಗ ಬಂತು. ಅರ್ಜಿ ಕೊಟ್ಟು ಕೊಟ್ಟು ಕಚೇರಿಯ ಜವಾನನ ಮಕ್ಕಳ ಹೆಸರು ನಮಗೆ ಬಾಯಿಪಾಠವಾಗಿತ್ತು. ಅಂಥ ಬೀದಿಗೆ ಒಂದು ಬೆಳಿಗ್ಗೆ ಎರಡು ಕಾರು ಬಂದು ನಿಂತವು. "ಬಣ್ಣ ಬಂತು, ಬದುಕು ಬಂತು" ಎಂದು ಅಂಗಿಯ ಮೇಲೆ ಬರೆಸಿಕೊಂಡ ಹತ್ತು ಜನ ಇಳಿದರು. ಮುಂದೆ ಕಾರ್ಯದರ್ಶಿ ಮೇಡಂ. ಹಿಂದೆ, ನೆತ್ತಿ ಸುಡುವ ಬಿಸಿಲಲ್ಲೂ ಉಣ್ಣೆಯ ಟೋಪಿ ಹಾಕಿದ್ದ ಕಲಾವಿದ. ಕ್ಷೌರದವನು ಅವನನ್ನು ಅಲ್ಲೇ ಟೋಪಿ ಎಂದು ಕರೆದ, ಅದೇ ನಿಂತಿತು.

"ಹೊಟ್ಟೆಪಾಡು ನೋಡಕ್ಕಾ" ಎಂದ ನನ್ನ ಕಿವಿಯಲ್ಲಿ. "ಆ ಟೋಪಿ ತೆಗೆಯೋವರೆಗೂ ನನಗೆ ಅವನಿಂದ ಒಂದು ಕಾಸಿನ ಉಪಯೋಗ ಇಲ್ಲ."

ಮೇಡಂ ನಮ್ಮನ್ನೆಲ್ಲ ಬೋಳು ಗೋಡೆಯ ಮುಂದೆ ಸೇರಿಸಿದರು. ಈ ಬೀದಿ ಮಲಗಿದೆ, ಎಬ್ಬಿಸಬೇಕು ಎಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಲ್ಲಿಯ ಮುಂದೆ ಕೊಡ ಇಡುವ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರಿಗೂ ಹಳದಿ ಚೀಟಿ, ಪೆನ್ಸಿಲು ಹಂಚಿದರು. "ನಿಮ್ಮ ಕನಸು ಏನು, ಒಂದೇ ಮಾತಲ್ಲಿ ಬರೀರಿ. ನಿಮ್ಮ ಕನಸೇ ಈ ಗೋಡೆ ಮೇಲೆ ಬರುತ್ತೆ."

ನಾನು ಕೊಳವೆ ಎಂದು ಬರೆದೆ. ಕ್ಷೌರದವನು ಚರಂಡಿ ಮುಚ್ಚಿ ಎಂದು ಬರೆದ. ಒಬ್ಬಳು ದೀಪ, ಇನ್ನೊಬ್ಬಳು ನೀರು. ಮಗಳು ಕಿಟಕಿ ಎಂದು ಬರೆದಳು. ಮೇಡಂ ಅವಳ ಚೀಟಿ ಓದಿ ಎದೆಗೆ ಕೈಯಿಟ್ಟುಕೊಂಡರು. "ಎಷ್ಟು ಆಳವಾಗಿದೆ ನೋಡಿ!" ಎಂದು ಟೋಪಿಗೆ ತೋರಿಸಿದರು. ಟೋಪಿ ಮಗಳನ್ನು ಗೋಡೆಗೆ ಒರಗಿಸಿ ನಾಲ್ಕು ಫೋಟೋ ಹೊಡೆದುಕೊಂಡ.

"ಆಳ ಅಲ್ಲ ಮೇಡಂ, ಎರಡನೇ ಮಹಡಿ" ಎಂದಳು ಮಗಳು. ಯಾರೂ ನಗಲಿಲ್ಲ. ಅವಳ ನಾಲಿಗೆ ನನ್ನದೇ.

ನನಗೆ ಬೇಕಾದದ್ದು ಅವರ ಸಾರವೆ. ಗೋಡೆಗೆ ಹೊಸ ಗಿಲಾವು ಬಳಿಯದೆ ಬಣ್ಣ ನಿಲ್ಲುವುದಿಲ್ಲ, ಅದಕ್ಕೆ ಗಾರೆಯವರು ಬೇಕು ಎಂದು ಅವರು ಹುಡುಕುತ್ತಿದ್ದರು. ನಾನೇ ಬಳಿಯುತ್ತೇನೆ, ಬದಲಿಗೆ ಸಾರವೆ ಎರಡು ದಿನ ನನ್ನ ಕೆಲಸಕ್ಕೆ ಬಿಟ್ಟುಕೊಡಿ ಎಂದೆ. ಒಪ್ಪಿದರು. ಮೊದಲು ಆ ಸೀಳು ಕೊಳವೆ ಸರಿಮಾಡಿಸಿ, ಇಲ್ಲದಿದ್ದರೆ ಗಿಲಾವೂ ನಿಲ್ಲಲ್ಲ, ನಿಮ್ಮ ಬಣ್ಣವೂ ನಿಲ್ಲಲ್ಲ ಎಂದೂ ಹೇಳಿದೆ.

"ಕೊಳವೆ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಎಂದರು ಮೇಡಂ.

"ಗೋಡೆ ಬರುತ್ತೆ, ಗೋಡೆ ಮೇಲಿರೋ ಕೊಳವೆ ಬರಲ್ವಾ?"

"ಗೋಡೆಯ ಮೇಲ್ಮೈ ಮಾತ್ರ ನಮ್ಮದು."

ಇದಕ್ಕಿಂತ ಸತ್ಯವಾದ ಮಾತನ್ನು ಆಕೆ ಆಮೇಲೆ ಆಡಲಿಲ್ಲ.

ಲಿಂಟಲಿನ ಹೊರಗಿನ ಸೀಳನ್ನು ಅವರ ಸಾರವೆಯ ಮೇಲೆ ನಿಂತು ಕೂರಿಸಿದೆ. ಗೋಡೆ ಪೂರಾ ಗಿಲಾವು ಬಳಿದೆ. ನಾಲ್ಕು ಮೊಳೆಗಳು ಗಿಲಾವಿನಿಂದ ಎರಡಂಗುಲ ಹೊರಗೆ ಇಣುಕುವಂತೆ ಬಿಟ್ಟೆ. ಇಳಿಯುವಾಗ ಟೋಪಿಗೆ ಹೇಳಿದೆ: "ಈ ನಾಲ್ಕು ಮೊಳೆ ನನ್ನವು. ಕೀಳಬೇಡಿ." ಅವನು ತಲೆಯಾಡಿಸಿದ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಸಾರವೆ ಹತ್ತಿದವರೆಲ್ಲ ಕೆಲಸಗಾರರು ಎಂದುಕೊಂಡದ್ದು ನನ್ನ ತಪ್ಪು. ಇಡೀ ಕತೆಯಲ್ಲಿ ನನ್ನ ಪಾಲಿನ ತಪ್ಪು ಅದೊಂದು, ಅದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

ಗಿಲಾವು ಒಣಗಲು ಮೂರು ವಾರ ಬೇಕು ಎಂದಿದ್ದೆ. ಉದ್ಘಾಟನೆಯ ದಿನ ಗೊತ್ತಾಗಿತ್ತಂತೆ, ಒಂದು ವಾರಕ್ಕೇ ಬಣ್ಣ ಹಚ್ಚಲು ಹತ್ತಿದರು. ಗೋಡೆಗೆ ಹಸಿರು ಬಲೆ ಇಳಿಬಿಟ್ಟು ಒಳಗೆ ಗುಟ್ಟಾಗಿ ಕೆಲಸ. ನನಗೆ ಆಗ ಊರಾಚೆ ಒಂದು ಆಸ್ಪತ್ರೆ ಕಟ್ಟಡದಲ್ಲಿ ಕೆಲಸ. ಬೆಳಕು ಹರಿಯುವ ಮೊದಲು ಹೊರಟರೆ ಕತ್ತಲಾದ ಮೇಲೆ ಮನೆ. ಲಿಂಟಲು ಗಟ್ಟಿಯಾಗಲಿ, ಇವರ ಗದ್ದಲ ಮುಗಿಯಲಿ, ಮೊಳೆಯ ನಡುವೆ ಅವರು ಬಣ್ಣ ಹಚ್ಚದೆ ಬಿಟ್ಟಿರುವ ಖಾಲಿ ಜಾಗವನ್ನು ಒಂದು ಭಾನುವಾರ ಬಿಚ್ಚಿದರಾಯಿತು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಬಲೆ ಬಿಚ್ಚಿದ ದಿನ ಬೀದಿಯೆಲ್ಲ ಕುರ್ಚಿ. ಯಾರೋ ದೊಡ್ಡವರು ಹಗ್ಗ ಎಳೆದರು. ಜನ ಹೋ ಎಂದರು. ನಾನು ತಲೆಯೆತ್ತಿದೆ.

ನಾವು ಚೀಟಿಯಲ್ಲಿ ಬರೆದದ್ದೆಲ್ಲ ಗೋಡೆಯ ಮೇಲೆ ಬಂದಿತ್ತು. ದೀಪ ಕೇಳಿದವಳಿಗೆ ಹಳದಿ ಬೆಳಕು ಚೆಲ್ಲುವ ದೀಪದ ಕಂಬ, ಸತ್ತ ಕಂಬದ ಪಕ್ಕದಲ್ಲೇ. ನೀರು ಕೇಳಿದವಳಿಗೆ ಆನೆಯಷ್ಟು ದೊಡ್ಡ ನಲ್ಲಿ, ಬಾಯಿಂದ ನೀಲಿ ನೀರು. ಚರಂಡಿಯ ಬದಿಗೋಡೆಗೆ ಬಣ್ಣಬಣ್ಣದ ಮೀನು. ನನ್ನ ಕೊಳವೆಯನ್ನೂ ಮರೆತಿರಲಿಲ್ಲ. ಅದರ ಸೀಳಿನಿಂದ ಇಳಿದ ಕಲೆಯನ್ನೇ ಸುತ್ತಲೂ ಕಲ್ಲು, ಗಿಡ, ಹಕ್ಕಿ ಬರೆದು ಜಲಪಾತ ಮಾಡಿದ್ದರು. ನಡುವೆ ಒಂದು ದೊಡ್ಡ ಕಿಟಕಿ, ಎರಡು ಬಾಗಿಲೂ ತೆರೆದಿದೆ. ಅದರಲ್ಲಿ ಒಬ್ಬಳು ಹುಡುಗಿ ಹೊರಗೆ ಬಾಗಿ, ಕಣ್ಣರಳಿಸಿ, ಕೆನ್ನೆ ಕೆಂಪಾಗಿ, ಗಾಳಿಗೆ ಕೂದಲು ಹಾರಿಸಿಕೊಂಡು ನಗುತ್ತಿದ್ದಾಳೆ.

ನನ್ನ ಮಗಳು. ಅವಳ ಮುಖ ಸರಿಯಾಗಿ ಮೂರಡಿ ಅಗಲ, ನಾಲ್ಕಡಿ ಎತ್ತರ. ಹಣೆಯ ಎರಡು ಮೂಲೆಗೆ ಎರಡು ಮೊಳೆ, ಗಲ್ಲದ ಎರಡು ಬದಿಗೆ ಎರಡು ಮೊಳೆ.

ಪಕ್ಕದಲ್ಲಿದ್ದ ಮಗಳು ಕೆಮ್ಮು ತಡೆದುಕೊಂಡು ಪಿಸುಗುಟ್ಟಿದಳು, "ನೋಡಮ್ಮ ನನ್ನ ಅದೃಷ್ಟ. ಒಳಗೆ ಕೆಮ್ತೀನಿ, ಹೊರಗೆ ನಗ್ತೀನಿ."

ಕುರ್ಚಿಗಳನ್ನು ಸರಿಸಿಕೊಂಡು ಟೋಪಿಯ ಹತ್ತಿರ ಹೋದೆ. "ಏನಪ್ಪಾ ಇದು? ಮೊಳೆ ಮುಟ್ಟಬೇಡಿ ಅಂದಿದ್ದೆ."

"ಕೀಳಬೇಡಿ ಅಂದಿದ್ರಿ. ಕೀಳಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. "ನಿಜ ಹೇಳಬೇಕಂದ್ರೆ ಆ ಮೊಳೆಗಳಿಂದ ನನಗೆ ಎಷ್ಟು ಅನುಕೂಲ ಆಯ್ತು ಗೊತ್ತಾ? ಚಿಕ್ಕ ಚಿತ್ರನ ದೊಡ್ಡ ಗೋಡೆಗೆ ಏರಿಸೋಕೆ ನಾವು ದಾರ ಕಟ್ಟಿ ಚೌಕ ಚೌಕ ಮನೆ ಹಾಕ್ಕೋತೀವಿ. ಮೊದಲನೇ ಮನೆ ನೇರ ಇದ್ರೆ ಉಳಿದಿದ್ದೆಲ್ಲ ನೇರ. ನಿಮ್ಮ ನಾಲ್ಕು ಮೊಳೆಗೇ ದಾರ ಕಟ್ಟಿದೆ. ಮುಖ ಅಲ್ಲಿಂದಲೇ ಶುರು ಮಾಡಿದೆ. ಎಷ್ಟು ನೇರವಾಗಿದ್ದವು! ಗುಂಡು ಬಿಟ್ಟು ಹೊಡೆದ ಹಾಗೆ."

"ಗುಂಡು ಬಿಟ್ಟೇ ಹೊಡೆದಿದ್ದು! ಅಲ್ಲಿ ಕಿಟಕಿ ಬರಬೇಕು."

"ಬಂದಿದೆಯಲ್ಲಾ" ಎಂದು ಗೋಡೆ ತೋರಿಸಿದ.

ಅವನು ಅಣಕಿಸುತ್ತಿರಲಿಲ್ಲ. ಅದೇ ಬೇಸರದ ಸಂಗತಿ. ಅಣಕಿಸಿದ್ದರೆ ಎರಡು ಬೈದು ಹಗುರಾಗಬಹುದಿತ್ತು.

ಮನೆ ಒಡೆಯನ ಹತ್ತಿರ ಹೋದೆ. ಅವನು ಸಮಿತಿಯ ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದ, ಐದು ವರ್ಷ ಗೋಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಬದಲಿಗೆ ಅವರು ಅವನ ಮಾಳಿಗೆಗೆ ಹೊಸ ನೀರಿನ ತೊಟ್ಟಿ ಇಡಿಸಿಕೊಟ್ಟಿದ್ದರು.

"ನನಗೂ ಸಹಿ ಹಾಕಿಕೊಟ್ಟಿದ್ದೀರಲ್ಲ?"

"ಅದೂ ನನ್ನ ಸಹಿ, ಇದೂ ನನ್ನ ಸಹಿ. ನಾನು ಯಾವುದನ್ನ ಸುಳ್ಳು ಅನ್ನಲಿ ಹೇಳು?" ಎಂದು ಧರ್ಮಸಂಕಟದ ಮುಖ ಮಾಡಿದ. ತೊಟ್ಟಿ ತುಂಬಿ ಹೊರಚೆಲ್ಲಿದ ನೀರು ಅದೇ ಸೀಳು ಕೊಳವೆಯಲ್ಲಿ ಇಳಿಯುತ್ತಿತ್ತು. ಜಲಪಾತಕ್ಕೆ ಈಗ ಬೇಸಿಗೆಯಲ್ಲೂ ನೀರು.

ಸಮಿತಿಯ ಕಚೇರಿಗೂ ಹೋದೆ. ಡಾಕ್ಟರ ಚೀಟಿಯನ್ನು ಮೇಡಂ ಎರಡು ಸಲ ಓದಿದರು. ಕಣ್ಣಲ್ಲಿ ನೀರೇನೋ ಬಂತು, ಸುಳ್ಳು ಹೇಳಬಾರದು. "ಆದ್ರೆ ಯೋಚನೆ ಮಾಡಮ್ಮ. ನಿನ್ನ ಮಗಳು ಈಗ ನಿನ್ನೊಬ್ಬಳ ಮಗಳಲ್ಲ. ಇಡೀ ಬೀದಿಯ ಮುಖ ಅವಳು."

"ಹಾಗಾದ್ರೆ ಇಡೀ ಬೀದಿ ಸರದಿ ಮೇಲೆ ಬಂದು ಕೆಮ್ಮಲಿ ಮೇಡಂ."

ಐದು ವರ್ಷ ಕಳೆಯಲಿ ಎಂದರು. ಡಾಕ್ಟರು ಎರಡು ಎಂದಿದ್ದರು.

ಬೀದಿಗೆ ಜನ ಬರತೊಡಗಿದರು. ಗುಂಪುಗುಂಪಾಗಿ ಬಂದು, ಗೋಡೆಗೆ ಬೆನ್ನು ಹಾಕಿ, ಫೋನು ಎತ್ತಿ ಹಿಡಿದು, ತುಟಿ ಮುಂದೆ ಮಾಡಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಫೋಟೋದಲ್ಲಿ ಚರಂಡಿ ಬರದ ಹಾಗೆ ಎಲ್ಲಿ ನಿಲ್ಲಬೇಕು ಎಂದು ನೆಲದ ಮೇಲೆ ಎರಡು ಬಿಳಿ ಹೆಜ್ಜೆ ಗುರುತನ್ನೂ ಸಮಿತಿಯವರು ಬರೆಸಿದ್ದರು. ಬೀದಿಯನ್ನು ಮೇಲೆತ್ತುವುದೆಂದರೆ ಇದೇ: ಎಲ್ಲಿ ನಿಂತರೆ ಏನು ಕಾಣುವುದಿಲ್ಲ ಎಂದು ಕಲಿಸುವುದು.

ಆದರೆ ನನ್ನ ಕೈಯಲ್ಲಿ ಸುತ್ತಿಗೆ ಏಳಲಿಲ್ಲ. ಎರಡು ಕಾರಣ.

ಒಂದು, ಕ್ಷೌರದವನು. ಬಂದವರಲ್ಲಿ ಹತ್ತಕ್ಕೆ ಒಬ್ಬ ಅವನ ಅಂಗಡಿಗೂ ಇಣುಕುತ್ತಿದ್ದ. ಅವನು ಹೊಸ ಕನ್ನಡಿ ಹಾಕಿಸಿದ್ದ, ಮಲಗಿದ್ದ ತಾಯಿಗೆ ಆರೈಕೆಗೆ ಒಬ್ಬಳನ್ನು ಇಟ್ಟಿದ್ದ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಗೋಡೆ ತಂಟೆಗೆ ಹೋಗಬೇಡ. ಬೇಕಾದ್ರೆ ಮರಿ ಹಗಲೆಲ್ಲ ನನ್ನ ಅಂಗಡೀಲೇ ಕೂತು ಓದ್ಕೊಳ್ಳಲಿ. ಫ್ಯಾನಿದೆ" ಎಂದ. ಅವನಿಗೆ ನಾನು ಏನು ಹೇಳಲಿ? ಕೂದಲು ಹಾರುವ ಅಂಗಡಿಯಲ್ಲಿ ಕೆಮ್ಮಿನ ಹುಡುಗಿಯನ್ನು ಕೂರಿಸುವಷ್ಟು ಒಳ್ಳೆಯವನು.

ಎರಡು, ಮಗಳೇ. ಸಂಜೆ ಕಾಲೇಜಿನಿಂದ ಬಂದವಳು ಗೋಡೆಯ ಕೆಳಗೆ ಒಂದು ಗಳಿಗೆ ನಿಲ್ಲುತ್ತಿದ್ದಳು. ನಾನು ಬೇಗ ಬಂದ ಒಂದು ದಿನ ಮೂಲೆಯಿಂದ ನೋಡಿದೆ. ಅವಳು ತನ್ನನ್ನೇ ನೋಡುತ್ತಿದ್ದಳು, ಕತ್ತು ಸ್ವಲ್ಪ ಓರೆ ಮಾಡಿ, ಚಿತ್ರದಲ್ಲಿರುವ ಹಾಗೆಯೇ. ಮನೆಗೆ ಬಂದ ಮೇಲೆ ಕೇಳಿದೆ.

"ನಿನಗೆ ಅದು ಇಷ್ಟ, ಅಲ್ವಾ?"

"ಇಷ್ಟ. ಏನೀಗ?" ಎಂದು ಸಿಡಿದಳು. "ಹುಟ್ಟಿದಾಗಿಂದ ಒಬ್ಬರಾದ್ರೂ ನನ್ನ ಮುಖ ನೋಡಿ ಕೆಮ್ಮು ಹೇಗಿದೆ ಅಂತ ಕೇಳದೆ ಹೋಗಿದಾರಾ? ಅವಳನ್ನ ನೋಡಿ ಯಾರೂ ಕೇಳಲ್ಲ. ಚೆನ್ನಾಗಿದಾಳೆ ಅಂತಾರೆ, ಹೋಗ್ತಾರೆ."

ಸುತ್ತಿಗೆಯನ್ನು ಚೀಲದ ತಳಕ್ಕೆ ತಳ್ಳಿದೆ. ಹಸಿ ಗಿಲಾವಿನ ಮೇಲೆ ಹಚ್ಚಿದ ಬಣ್ಣ ತಾನಾಗಿಯೇ ಉದುರಲಿ, ನನ್ನ ಕೈಗೆ ಪಾಪ ಬೇಡ ಎಂದು ಹೇಡಿಯ ಹಾಗೆ ಕಾದೆ. ಜಲಪಾತದ ಸುತ್ತ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿಯಿತು. ಹಕ್ಕಿಗಳಿಗೆ ಕುಷ್ಠ ಹತ್ತಿತು. ಮುಖಕ್ಕೆ ಮಾತ್ರ ಏನೂ ಆಗಲಿಲ್ಲ. ಆ ಭಾಗದ ಗಿಲಾವನ್ನು ನಾನು ತುಸು ಹೆಚ್ಚು ಮುತುವರ್ಜಿಯಿಂದ ಬಳಿದಿದ್ದೆ, ಮಗಳ ಕಿಟಕಿಯ ಜಾಗವಲ್ಲವೇ ಎಂದು.

ಅವಳಿಗೆ ಹದಿನೇಳು ತುಂಬಿತು. ಅದಾಗಿ ಎರಡು ತಿಂಗಳಿಗೆ, ಒಂದು ಶನಿವಾರ ಮಧ್ಯಾಹ್ನ ಅವಳಿಗೆ ಉಸಿರು ಹಿಡಿಯಿತು. ಕೆಮ್ಮಲ್ಲ, ಉಸಿರು. ತುಟಿ ನೀಲಿಗಟ್ಟಿತು. ಬಾಯಿಗೆ ಊದಿಕೊಳ್ಳುವ ಔಷಧಿ ಮುಗಿದಿತ್ತು. ಪಕ್ಕದ ಮನೆಯವಳನ್ನು ಅವಳ ಬೆನ್ನು ನೀವಲು ಕೂರಿಸಿ ಔಷಧದಂಗಡಿಗೆ ಓಡಿದೆ. ತಿರುಗಿ ಬರುವಾಗ ಗೋಡೆಯ ಮುಂದೆ ದಾರಿ ತುಂಬ ಜನ. ಊರು ತೋರಿಸುವವನೊಬ್ಬ ಕೋಲೆತ್ತಿ ವಿವರಿಸುತ್ತಿದ್ದ.

"ಒಂದು ಕಾಲಕ್ಕೆ ಇಲ್ಲಿನ ಜನ ಕತ್ತಲಲ್ಲಿ ಬದುಕ್ತಿದ್ರು. ಈಗ ಈ ಹುಡುಗಿಯನ್ನ ನೋಡಿ. ಹೇಗೆ ಎದೆ ತುಂಬ ಉಸಿರು ತಗೊಳ್ತಿದಾಳೆ!"

"ದಾರಿ ಬಿಡ್ರೋ" ಎಂದೆ. ಯಾರೂ ಅಲುಗಲಿಲ್ಲ. "ದಾರಿ ಬಿಡಿ! ಆ ಹುಡುಗಿಗೆ ಉಸಿರು ಸಿಗ್ತಿಲ್ಲ, ಔಷಧಿ ತಗೊಂಡು ಹೋಗ್ತಿದೀನಿ" ಎಂದು ಕೂಗಿದೆ.

ಒಬ್ಬಳು ನಕ್ಕು ಚಪ್ಪಾಳೆ ತಟ್ಟಿದಳು. ಇದೂ ಕಾರ್ಯಕ್ರಮದ ಒಂದು ಭಾಗ ಎಂದುಕೊಂಡಿರಬೇಕು. ಮೊಣಕೈಯಲ್ಲಿ ತಿವಿದು ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿದೆ.

ಔಷಧಿ ಎಳೆದುಕೊಂಡು ಅರ್ಧ ಗಂಟೆಗೆ ಅವಳ ಉಸಿರು ಹಿಡಿತಕ್ಕೆ ಬಂತು. ಗೋಡೆಗೆ ಒರಗಿ ಕೂತಿದ್ದಳು. ಬೂಷ್ಟಿನ ಕಪ್ಪು ಅವಳ ಅಂಗಿಯ ಬೆನ್ನಿಗೆ ಹತ್ತಿತ್ತು.

"ಮರಿ, ನಾಳೆ ಒಡೆದುಬಿಡ್ತೀನಿ" ಎಂದೆ. "ನೀನು ಬೇಡ ಅಂದ್ರೆ ಈಗಲೇ ಹೇಳು. ಬೇರೆ ಕೋಣೆ ಹುಡುಕೋಣ. ಸಿಗೋವರೆಗೂ ಹೀಗೇ."

ಅವಳು ಅಂಗಿಯ ಬೆನ್ನನ್ನು ಎಳೆದು ಬೂಷ್ಟಿನ ಕಪ್ಪನ್ನು ನೋಡಿಕೊಂಡಳು. ಬೇರೆ ಕೋಣೆ ಎನ್ನುವುದು ಎಷ್ಟು ಪೊಳ್ಳು ಮಾತೆಂದು ಇಬ್ಬರಿಗೂ ಗೊತ್ತಿತ್ತು.

"ಒಡಿ" ಎಂದಳು. "ಆದ್ರೆ ಕಣ್ಣಿಂದ ಶುರು ಮಾಡಬೇಡ."

ಭಾನುವಾರ ಬೆಳಿಗ್ಗೆ ಬೆಳಕು ಚೆನ್ನಾಗಿ ಹರಿದ ಮೇಲೆ ಶುರು ಮಾಡಿದೆ. ಕದ್ದು ಮಾಡುವ ಕೆಲಸವಲ್ಲ ಅದು. ದೂಳಿಗೆ ನಿಲ್ಲಬಾರದೆಂದು ಮಗಳನ್ನು ಬೀದಿಗೆ ಇಳಿಸಿದೆ. ಯಾರೂ ಗೋಡೆಯ ಕೆಳಗೆ ಬಾರದ ಹಾಗೆ ಅವಳು ಹಗ್ಗ ಕಟ್ಟಿ ನಿಂತಳು. ಒಳಪದರದ ಇಟ್ಟಿಗೆಗಳು ಸಲೀಸಾಗಿ ಬಂದವು, ನೆನೆದು ಮೆತ್ತಗಾಗಿದ್ದವು. ಹೊರಪದರ ಹಾಗಲ್ಲ. ಒಂದು ಚೂರೂ ಬೀದಿಗೆ ಬೀಳದಂತೆ ಉಳಿಯಿಂದ ಸಂದು ಬಿಡಿಸಿ ಒಳಕ್ಕೆ ಎಳೆದುಕೊಳ್ಳಬೇಕು. ಒಳಗಿನಿಂದ ನನಗೆ ಕಾಣುವುದು ಬರೀ ಇಟ್ಟಿಗೆ, ಎಲ್ಲಿ ಏನಿದೆ ತಿಳಿಯದು. ಲಿಂಟಲಿನ ಕೆಳಗಿನ ನಡುವಿನಿಂದ ಮೊದಲನೆಯದನ್ನು ಎಳೆದೆ. ಬೆಳಕು ಕೋಲಿನ ಹಾಗೆ ಒಳಗೆ ಬಂದು ಎದುರು ಗೋಡೆಗೆ ತಾಗಿತು.

ಕೆಳಗಿನಿಂದ ಮಗಳ ಕೂಗು ಕೇಳಿತು: "ಅಮ್ಮಾ! ಬೈತಲೆ ಹೋಯ್ತು!"

ಇನ್ನೆರಡು ಎಳೆದೆ. "ಹಣೆ!"

"ಕಣ್ಣು ಎಷ್ಟು ಕೆಳಗಿದೆ?" ಎಂದು ತೂತಿನಿಂದ ಕೂಗಿದೆ.

"ಇನ್ನೊಂದು ಸಾಲು ಬಿಟ್ಟು! ಈಗ ಬಲಗಡೆಗೆ ಬಾ, ಅಲ್ಲಿ ಬರೀ ಕೂದಲು!"

ಆ ಹೊತ್ತಿಗೆ ಬೀದಿ ಸೇರಿತ್ತು. ಕ್ಷೌರದವನು ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ಯಾರೋ ಫೋನು ಮಾಡಿರಬೇಕು, ಮೇಡಂ ಕಾರಿನಲ್ಲಿ ಬಂದಿಳಿದು ಮೇಲೆ ನೋಡಿ ಕಿರುಚಿದರು, "ನಿಲ್ಲಿಸಮ್ಮಾ! ಇದು ಅಪರಾಧ! ಅದು ನಿನ್ನ ಮಗಳ ಮುಖ ಕಣಮ್ಮಾ!"

"ನನ್ನ ಮಗಳು ನಿಮ್ಮ ಪಕ್ಕದಲ್ಲೇ ಇದಾಳೆ ಮೇಡಂ, ನೋಡಿ" ಎಂದೆ.

ಮೇಡಂ ಪಕ್ಕಕ್ಕೆ ತಿರುಗಿದರು. ಗುರುತು ಹಿಡಿಯಲು ಅವರಿಗೆ ತುಸು ಹೊತ್ತು ಬೇಕಾಯಿತು. ಮಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕೆನ್ನೆಯೂ ಕೆಂಪಗಿರಲಿಲ್ಲ.

"ನಿನಗೆ ಬೇಜಾರಾಗ್ತಿಲ್ವೇನೇ?" ಎಂದು ಕೇಳಿದರು.

"ಆಗ್ತಿದೆ" ಎಂದಳು ಮಗಳು. ಆಮೇಲೆ ತಲೆಯೆತ್ತಿ ಕೂಗಿದಳು, "ಅಮ್ಮಾ, ಈಗ ಎಡಗಣ್ಣು. ಒಂದೇ ಸಲಕ್ಕೆ ಎಳೆದುಬಿಡು. ನಾನು ಆ ಕಡೆ ತಿರುಗ್ತೀನಿ."

ತಿರುಗಿ ನಿಂತಳು. ಎಳೆದೆ.

ಮಧ್ಯಾಹ್ನದ ಹೊತ್ತಿಗೆ ಗಲ್ಲವೂ ಬಂತು. ಕೆಡವಿದ ಮನೆಯೊಂದರಿಂದ ತಂದಿದ್ದ ಮರದ ಚೌಕಟ್ಟನ್ನು ಕೂರಿಸಿ, ಸಂದಿಗೆ ಗಾರೆ ತುಂಬಿ, ಮಟ್ಟ ನೋಡಿದೆ. ನಾಲ್ಕು ಮೂಲೆಯೂ ಮೊಳೆಗೆ ಸರಿಯಾಗಿ ಕೂತವು. ಕೆಳಗಿನಿಂದ ನೋಡಿದರೆ ಬಣ್ಣದ ಕಿಟಕಿಯೊಳಗೆ ತಲೆಯಿಲ್ಲದ ಹುಡುಗಿ, ತಲೆಯ ಜಾಗದಲ್ಲಿ ಮರದ ಕಿಟಕಿ, ಅದರಲ್ಲಿ ಸುಣ್ಣದ ದೂಳು ಮೆತ್ತಿದ ನನ್ನ ತಲೆ. ಫೋಟೋ ತೆಗೆಯಲು ಬಂದವರು ಒಂದು ಸಲ ಮೇಲೆ ನೋಡಿ ಫೋನು ಕೆಳಗಿಳಿಸಿದರು.

ಸಮಿತಿ ನಮ್ಮ ಬೀದಿಯನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಈಗ ಅವರು ಇನ್ನೊಂದು ಬೀದಿಯನ್ನು ಎಬ್ಬಿಸುತ್ತಿದ್ದಾರೆ. ಟೋಪಿ ಬಂದು ಒಂದು ದಿನ ಗೋಡೆಯ ಮುಂದೆ ಸುಮ್ಮನೆ ನಿಂತು ಹೋದ. ಕೂಗಿ ಕರೆದೆ, ಹತ್ತಿ ಬರಲಿಲ್ಲ. ಮನೆ ಒಡೆಯ ಖಾಲಿ ಮಾಡಿಸುತ್ತೇನೆ ಎಂದ. ಇನ್ನೂ ಮಾಡಿಸಿಲ್ಲ. ಕ್ಷೌರದವನ ಅಂಗಡಿ ಮತ್ತೆ ಖಾಲಿ. ಆರೈಕೆಯವಳನ್ನು ಬಿಡಿಸಿದ್ದಾನೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವನ ತಾಯಿಗೆ ಸ್ನಾನ ಮಾಡಿಸಿ ಹೋಗುತ್ತೇನೆ. ಅವನು ಬೇಡ ಎನ್ನುವುದಿಲ್ಲ, ಅಕ್ಕ ಎಂದೂ ಕರೆಯುವುದಿಲ್ಲ.

ಬೂಷ್ಟು ಇನ್ನೂ ಪೂರ್ತಿ ಹೋಗಿಲ್ಲ, ಕೊಳವೆ ಹಾಗೇ ಇದೆ. ಮಗಳು ಹಾಸಿಗೆಯನ್ನು ಕಿಟಕಿಯ ಕೆಳಕ್ಕೆ ಎಳೆದುಕೊಂಡು ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕೂತು ಓದುತ್ತಾಳೆ. ಕೆಮ್ಮು ವಾರಕ್ಕೆರಡು ಸಲ ಬರುತ್ತದೆ, ಮೊದಲು ದಿನಕ್ಕೆರಡು ಸಲವಿತ್ತು.

ಅವಳಿಗೆ ಏಳು ತುಂಬುವುದರೊಳಗೆ ಎಂದಿದ್ದೆ. ಹದಿನೇಳು ತುಂಬಿ ಎರಡು ತಿಂಗಳಾದ ಮೇಲೆ ಮಾಡಿಕೊಟ್ಟೆ.